ಪ್ರೇಮಕ್ಕನ ಮೂರು ಚುಕ್ಕಿ

ಮೂಡಬಿದ್ರೆಯ ಪ್ರೇಮಾವತಿಯವರಿಗೆ ಕಾರು ಬಿಡಲು ಬರುತ್ತಿರಲಿಲ್ಲ. ಸ್ಟಿಯರಿಂಗು ಮುಟ್ಟಿ ನೋಡಿದವರೂ ಅಲ್ಲ. ಆದರೆ ಒಂದು ಕಾಲದಲ್ಲಿ ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಎಲ್ಲೇ ಆಗಲಿ, ಅವರ ಕಾರು ಗ್ಯಾರೇಜಿನ ಎದುರು ನಿಂತರೆ ಒಳಗಿನವರು ಬೀಡಿ ಬಿಸಾಡಿ ಎದ್ದು ನಿಲ್ಲುತ್ತಿದ್ದರು. ಅದು ಹೇಗಾಯಿತು ಎಂದು ಹೇಳಲು ನನಗಿಂತ ಹೆಚ್ಚಿನ ಹಕ್ಕು ಯಾರಿಗೂ ಇಲ್ಲ. ನಾನು ಅಣ್ಣು, ಬಂಟ್ವಾಳದ ಹತ್ತಿರ ನರಿಕೊಂಬಿನವನು, ಅವರ ಡ್ರೈವರ್. ಒಂದು ಮಳೆಗಾಲ ಪೂರ್ತಿ ಆ ಹೆಂಗಸು ನನ್ನನ್ನೂ ಕಳ್ಳನಿರಬಹುದು ಎಂದು ನೋಡಿದರು. ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೂ ಯಾರಾದರೂ ಅವರ ಹೆಸರು ಹೇಳಿದರೆ ಮರ್ಯಾದೆಗೆ ಕೂತಲ್ಲಿಂದ ಏಳುತ್ತೇನೆ.

ಅವರ ಕಸುಬು ಪಾತ್ರೆ. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಾಯಿಯ ಕಡೆಯಿಂದ ಬಂದ ಗದ್ದೆ ಇತ್ತು, ಗೇಣಿಯ ಅಕ್ಕಿ ಬರುತ್ತಿತ್ತು. ಸುಮ್ಮನೆ ಕೂತು ಉಣ್ಣಬಹುದಿತ್ತು. ಕೂರುವ ಜೀವ ಅದಲ್ಲ. ಮನೆಯಲ್ಲಿದ್ದ ಹಿರಿಯರ ಕಾಲದ ಕೊಪ್ಪರಿಗೆ, ಹಂಡೆಗಳನ್ನು ಹೊರಗೆ ತೆಗೆದರು, ಇನ್ನಷ್ಟು ಕೊಂಡು ಸೇರಿಸಿದರು, ಮದುವೆಗೆ, ಸತ್ತವರ ಬೊಜ್ಜದ ಊಟಕ್ಕೆ ಬಾಡಿಗೆಗೆ ಕೊಡಲು ಶುರು ಮಾಡಿದರು. "ಮನೆತನದ ಹೆಂಗಸು ಪಾತ್ರೆ ಬಾಡಿಗೆಗೆ ಕೊಡುವುದಾ?" ಎಂದು ಮೂಗು ಮುರಿದವರೆಲ್ಲ ಮುಂದಿನ ವರ್ಷ ತಮ್ಮ ಮಗಳ ಮದುವೆಗೆ ಅದೇ ಜಗಲಿಯಲ್ಲಿ ಬಂದು ಕೂತರು. ಪ್ರೇಮಕ್ಕ ಅವರಿಗೆ ಬೆಲ್ಲ ನೀರು ಕೊಟ್ಟು, "ಮೂಗು ಈಗ ಸರಿ ಉಂಟಾ?" ಎಂದು ಕೇಳಿಯೇ ಪಾತ್ರೆ ಕೊಟ್ಟರು.

ಬಾಡಿಗೆ ಪಾತ್ರೆಗೆ ದೊಡ್ಡ ತಾಪತ್ರಯ ಕಳ್ಳತನವಲ್ಲ, ಅದಲುಬದಲು. ಹೊಸ ಸೌಟು ಹೋಗುತ್ತದೆ, ಹಿಡಿ ಸಡಿಲಾದ ಸೌಟು ಬರುತ್ತದೆ. ಲೆಕ್ಕ ಸರಿ, ಸಾಮಾನು ಬೇರೆ. ಅದಕ್ಕೆ ಪ್ರೇಮಕ್ಕ ಪ್ರತಿಯೊಂದು ಪಾತ್ರೆಯ ತಳಕ್ಕೂ ಗುರುತು ಹಾಕಿಸಿದ್ದರು. ಮೂರು ಚುಕ್ಕಿ, ಒಲೆಯ ಮೂರು ಕಲ್ಲಿನ ಹಾಗೆ. ಹಾಕುತ್ತಿದ್ದವನು ಚಿನ್ನಯ್ಯ, ಪಾತ್ರೆಗೆ ಹೆಸರು ಕೊರೆಯುವ ಮುದುಕ. ಸಣ್ಣ ಚಾಣ, ಸಣ್ಣ ಸುತ್ತಿಗೆ, ಟಕ್ ಟಕ್ ಟಕ್, ಮುಗಿಯಿತು. ಪಾತ್ರೆ ಮದುವೆಮನೆಗೆ ಹೋದಾಗ ಇಳಿಸಿಕೊಳ್ಳುವುದಕ್ಕೂ ಅವರದೇ ಒಂದು ಕ್ರಮ ಇತ್ತು. ಮನೆಯ ಯಜಮಾನಿಕೆಯವರು, ಅಂದರೆ ನಮ್ಮ ಕಡೆ ಮದುಮಗಳ ಸೋದರಮಾವ, ಅಂಗಳದಲ್ಲಿ ನಿಲ್ಲಬೇಕು. ಪಾತ್ರೆಯನ್ನು ಒಂದೊಂದಾಗಿ ಕವುಚಿ ಹಾಕಿದಾಗ ಗುರುತಿಗೆ ಬೆರಳು ಮುಟ್ಟಿಸಿ, ನಾಲ್ಕು ಜನಕ್ಕೆ ಕೇಳುವ ಹಾಗೆ "ಉಂಟು" ಎನ್ನಬೇಕು. ಎಷ್ಟು ದೊಡ್ಡ ಗುತ್ತಿನ ಮನೆಯಾದರೂ ಸರಿ, ಬಾಯಿಬಿಟ್ಟು ಹೇಳದೆ ಪಾತ್ರೆ ಒಲೆಗೆ ಏರುವಂತಿಲ್ಲ.

ಕಾರು ಬಂದದ್ದು ಸಾವಿರದ ಒಂಬೈನೂರ ಐವತ್ತೇಳರಲ್ಲಿ. ಮದುವೆಗೆ ಪಾತ್ರೆ ಕೇಳಲು ಬಂದವರೆಲ್ಲ "ದಿಬ್ಬಣಕ್ಕೆ ಎಲ್ಲಾದರೂ ಕಾರು ಸಿಗ್ತದಾ?" ಎಂದು ಕೇಳುವುದನ್ನು ಕೇಳಿ ಕೇಳಿ, ಪ್ರೇಮಕ್ಕ ಮಂಗಳೂರಿನ ಒಬ್ಬ ಡಾಕ್ಟರರಿಂದ ಹಳೆಯ ಆಸ್ಟಿನ್ ಕಾರು ತೆಗೆದುಕೊಂಡರು. ನನ್ನನ್ನು ಡ್ರೈವರ್ ಅಂತ ಇಟ್ಟುಕೊಂಡರು. ದಿಬ್ಬಣ, ಧರ್ಮಸ್ಥಳಕ್ಕೆ ಹರಕೆಯವರು, ಹೆರಿಗೆಗೆ ಮಂಗಳೂರಿನ ಆಸ್ಪತ್ರೆಗೆ ಹೋಗುವವರು, ಕಾರಿಗೆ ಪುರುಸೊತ್ತೇ ಇರಲಿಲ್ಲ. ಒಳ್ಳೆಯ ಕಾರು ಮಾರಾಯ್ರೆ, ವೇಣೂರಿನ ಏರನ್ನು ಹಾಡು ಹೇಳಿಕೊಂಡು ಹತ್ತುತ್ತಿತ್ತು.

ಹತ್ತುತ್ತಿತ್ತು, ಕಮಲಾಕ್ಷನ ಕೈಗೆ ಹೋಗುವವರೆಗೆ.

ಕಮಲಾಕ್ಷ ಪ್ರೇಮಕ್ಕನ ಕುಟುಂಬದವನೇ, ವರಸೆಯಲ್ಲಿ ತಮ್ಮ. ಬೆಳ್ತಂಗಡಿಯಲ್ಲಿ ಗ್ಯಾರೇಜು ಇಟ್ಟಿದ್ದ. ಬಿಳಿ ಅಂಗಿ, ತಲೆಗೆ ಎಣ್ಣೆ, ಬಾಯಿ ತುಂಬ "ಪ್ರೇಮಕ್ಕ, ಪ್ರೇಮಕ್ಕ". ಗ್ಯಾರೇಜಿನವನ ಅಂಗಿ ಇಷ್ಟು ಬಿಳಿ ಇರಬಾರದು ಎಂದು ನನಗೆ ಮೊದಲ ದಿನವೇ ಅನ್ನಿಸಿತ್ತು. ಸ್ವಂತದವನಿರುವಾಗ ಹೊರಗೆ ಯಾಕೆ ಎಂದು ಪ್ರೇಮಕ್ಕ ಕಾರನ್ನು ಅಲ್ಲಿಗೇ ಕಳಿಸುತ್ತಿದ್ದರು. ಬ್ರೇಕಿಗೆ ಬಿಟ್ಟರೆ ಬ್ರೇಕು ಸರಿಯಾಗಿ ಬರುತ್ತಿತ್ತು, ಕಾರು ಸ್ಟಾರ್ಟ್ ಮಾಡುವ ಸೆಲ್ಫ್ ಕೆಟ್ಟಿರುತ್ತಿತ್ತು. ಸೆಲ್ಫಿಗೆ ಬಿಟ್ಟರೆ ಬ್ಯಾಟರಿ ಸತ್ತಿರುತ್ತಿತ್ತು. ಕಾರಿನ ಕೆಳಗೆ ಯಾವಾಗ ನೋಡಿದರೂ ಒಂದಿಷ್ಟು ಎಣ್ಣೆ ಚೆಲ್ಲಿರುತ್ತಿತ್ತು. "ಎಂಜಿನ್ ಸೋರ್ತಾ ಉಂಟು, ಬಿಚ್ಚಬೇಕು" ಎನ್ನುತ್ತಿದ್ದ. ಆ ಎಣ್ಣೆ ಡಬ್ಬಿಯಿಂದ ಬಂದದ್ದೋ ಎಂಜಿನ್ನಿಂದ ಬಂದದ್ದೋ ದೇವರಿಗೇ ಗೊತ್ತು. ನಾನು ಪಕ್ಕದಲ್ಲಿ ನಿಂತರೆ, "ನೀನು ಹೋಗಿ ಚಾ ಕುಡಿ ಅಣ್ಣು. ಬೇಡ, ಬಸ್ಸಿನಲ್ಲಿ ಮನೆಗೇ ಹೋಗು, ನಾಳೆ ಬಾ" ಎಂದು ಅಟ್ಟುತ್ತಿದ್ದ.

ಐವತ್ತೊಂಬತ್ತರ ಮಳೆ ಹಿಡಿಯುವ ಮೊದಲು ಒಂದು ದಿನ ಕಮಲಾಕ್ಷ ಮೂಡಬಿದ್ರೆಗೆ ಬಂದ. ನಾನು ಅಂಗಳದಲ್ಲಿ ಕಾರು ತೊಳೆಯುತ್ತಿದ್ದೆ. ಅವನು ಜಗಲಿಯಲ್ಲಿ ಕೂತು, ವೀಳ್ಯಕ್ಕೆ ಸುಣ್ಣ ಹಚ್ಚಿಕೊಂಡು, ನನಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ: "ಪ್ರೇಮಕ್ಕ, ನಾನು ಹಾಕಿದ ಸಾಮಾನು ಕಾರಿನಲ್ಲಿ ನಿಲ್ಲುವುದಿಲ್ಲ. ಬಂಟ್ವಾಳದ ಕಡೆ ಹಳೇ ಸಾಮಾನು ತೆಗೆದುಕೊಳ್ಳುವವರು ಸುಮಾರು ಜನ ಇದ್ದಾರೆ. ಅಣ್ಣುವಿನ ಊರೂ ಅದೇ ಕಡೆ ಅಲ್ವಾ?"

ನನ್ನ ಕೈಯಲ್ಲಿದ್ದ ಬಾಲ್ದಿ ಎಲ್ಲಿ ಹೋಗಿ ಬಿತ್ತೋ ಗೊತ್ತಿಲ್ಲ.

"ಎಂತ ಹೇಳಿದ್ರಿ? ಇನ್ನೊಮ್ಮೆ ಹೇಳಿ!"

"ಹಾರಬೇಡ. ತಪ್ಪಿಲ್ಲದಿದ್ರೆ ಧರ್ಮಸ್ಥಳಕ್ಕೆ ಹೋಗಿ ಆಣೆ ಹಾಕು. ಮುಗೀತಲ್ಲ?"

"ಈಗಲೇ ಹೋಗುವ! ನೀವೂ ಬನ್ನಿ, ಕಾರು ನಾನೇ ಬಿಡ್ತೇನೆ!"

ಪ್ರೇಮಕ್ಕ ಎದ್ದು ನಿಂತರು. ಗಿಡ್ಡ ಹೆಂಗಸು, ಆದರೆ ಸ್ವರ ಅಂಗಳ ದಾಟಿ ರಸ್ತೆಗೆ ಮುಟ್ಟುತ್ತಿತ್ತು. "ಕೂತುಕೊಳ್ಳಿ ಇಬ್ಬರೂ. ಬ್ಯಾಟರಿಗೆಲ್ಲ ದೇವರನ್ನು ಎಳೆಯುವುದು ಬೇಡ. ಸಾಮಾನು ಅದಲುಬದಲಾದರೆ ಎಂತ ಮಾಡಬೇಕು ಅಂತ ನನಗೆ ಗೊತ್ತುಂಟು."

ಕಮಲಾಕ್ಷ ಹೋದ ಮೇಲೆ ಚಿನ್ನಯ್ಯನಿಗೆ ಹೇಳಿಕಳಿಸಿದರು. ಮುದುಕ ಚಾಣ, ಸುತ್ತಿಗೆ ಹಿಡಿದುಕೊಂಡು ಬಂದು, "ಎಲ್ಲಿ ಪಾತ್ರೆ?" ಎಂದ. ಪ್ರೇಮಕ್ಕ ಕಾರನ್ನು ತೋರಿಸಿದರು. ಅವನು ಕಾರನ್ನು ಒಂದು ಸುತ್ತು ಹಾಕಿ ನೋಡಿ, "ಇದರ ತಳ ಎಲ್ಲಿ ಅಕ್ಕ?" ಎಂದು ಕೇಳಿದ. ನನಗೆ ಅಷ್ಟು ಹೊಟ್ಟೆ ಉರಿಯುತ್ತಿದ್ದರೂ ನಗು ತಡೆಯಲಾಗಲಿಲ್ಲ. ಆಮೇಲೆ ನಾನು ಒಂದೊಂದನ್ನೇ ತೋರಿಸುತ್ತ ಹೋದೆ, ಅವನು ಟಕ್ ಟಕ್ ಟಕ್ ಎಂದು ಚುಕ್ಕಿ ಹಾಕುತ್ತ ಹೋದ. ಡೈನಮೊ, ಸೆಲ್ಫ್, ಕಾರ್ಬೊರೇಟರ್, ಜ್ಯಾಕು, ಚಕ್ರದ ರಿಮ್ಮು, ಬ್ಯಾಟರಿಯ ಸೀಸದ ತಲೆ, ಎಲ್ಲದಕ್ಕೂ ಸುಲಭದಲ್ಲಿ ಕಣ್ಣಿಗೆ ಬೀಳದ ಬದಿಯಲ್ಲಿ ಮೂರು ಚುಕ್ಕಿ. ಹಾರನ್ನಿನ ರಬ್ಬರಿಗೂ ಹಾಕಲು ಹೊರಟಿದ್ದ, ನಾನು ತಪ್ಪಿಸಿದೆ.

"ಈಗ ಗೊತ್ತಾಗ್ತದೆ ಕಮಲಾಕ್ಷನ ಬಣ್ಣ" ಎಂದೆ ನಾನು.

"ಗುರುತು ಅವನಿಗೆ ಮಾತ್ರ ಹಾಕಿಸಿದ್ದಲ್ಲ" ಎಂದರು ಪ್ರೇಮಕ್ಕ.

ನನ್ನ ನಗು ಅಲ್ಲಿಗೇ ನಿಂತಿತು.

ಮಳೆ ಶುರುವಾದ ವಾರ ಬ್ರೇಕ್ ನೋಡಲು ಕಾರು ಬೆಳ್ತಂಗಡಿಗೆ ಹೋಯಿತು. ಎಂದಿನ ಹಾಗೆ ಕಮಲಾಕ್ಷ ನನ್ನನ್ನು ಮನೆಗೆ ಅಟ್ಟಿದ. ಮರುದಿನ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರೆ ಪ್ರೇಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾದಿದ್ದರು. ಮದುವೆಮನೆಯಿಂದ ಬಂದ ಪಾತ್ರೆ ನೋಡುವ ಹಾಗೆಯೇ ಬಾನೆಟ್ಟಿನೊಳಗೆ ಬೆರಳಾಡಿಸುತ್ತ ಹೋದರು. "ಉಂಟು. ಉಂಟು. ಇದಕ್ಕೂ ಉಂಟು." ಡೈನಮೊದ ಹತ್ತಿರ ಬೆರಳು ನಿಂತಿತು. ಹಿಂದೆ ಮುಂದೆ ಸವರಿದರು. ಚುಕ್ಕಿ ಇರಲಿಲ್ಲ.

"ನೋಡಿದ್ರಾ!" ಎಂದು ನಾನು ಹೆಚ್ಚುಕಡಿಮೆ ಕುಣಿದೇಬಿಟ್ಟೆ. "ನೋಡಿದ್ರಾ ನಿಮ್ಮ ತಮ್ಮನ ಕೆಲಸ!"

ಅವರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು. "ಸಾಮಾನು ಹೋದದ್ದು ಗೊತ್ತಾಯಿತು ಅಣ್ಣು. ತೆಗೆದದ್ದು ಯಾರು ಅಂತ ಗೊತ್ತಾಗಲಿಲ್ಲ. ಬೆಳ್ತಂಗಡಿಯಿಂದ ಇಲ್ಲಿವರೆಗೆ ಕಾರು ಯಾರ ಕೈಯಲ್ಲಿತ್ತು?"

ಅಬ್ಬಾ, ಆ ಮಾತು! ಕೆನ್ನೆಗೆ ಹೊಡೆದಿದ್ದರೆ ಸಹಿಸುತ್ತಿದ್ದೆ. ಕಾರಿನ ಕೀಲಿಯನ್ನು ಜಗಲಿಯ ಮೇಲೆ ಇಟ್ಟೆ, ಇಟ್ಟದ್ದಲ್ಲ, ಬಿಸಾಡಿದೆ. "ನಂಬಿಕೆ ಇಲ್ಲದಲ್ಲಿ ನಾನು ಗಾಡಿ ಬಿಡುವುದಿಲ್ಲ. ಬೇರೆ ಜನ ನೋಡಿಕೊಳ್ಳಿ."

"ಹೋಗು" ಎಂದರು ಅವರು ತಣ್ಣಗೆ. "ನೀನು ಈಗ ಹೋದರೆ ಬೆಳಗ್ಗೆ ಆಗುವುದರೊಳಗೆ ಎಲ್ಲರೂ ಹೇಳ್ತಾರೆ, ಕಳ್ಳ ಓಡಿಹೋದ ಅಂತ. ಇದ್ದರೆ ನನ್ನ ಕಾರಾದರೂ ಓಡ್ತದೆ, ನಿನ್ನ ಹೆಸರಿಗೊಂದು ದಾರಿಯೂ ಸಿಕ್ಕೀತು. ಸೌಟು ಕಳೆದರೆ ನಾನು ಯಾರ ಮನೆಗೂ ಹೋಗಿ ಜಗಳ ಮಾಡಿದವಳಲ್ಲ. ಕಾಯ್ತೇನೆ. ಇನ್ನೊಂದು ಮದುವೆಯಲ್ಲಿ ಯಾರದ್ದಾದರೂ ಅಡುಗೆಮನೆಯಲ್ಲಿ ಅದು ಸಿಕ್ಕಿಯೇ ಸಿಗ್ತದೆ. ಅದಕ್ಕೆ ಕಾಲಿಲ್ಲ, ಎಲ್ಲಿಗೆ ಹೋದೀತು?"

ಕೀಲಿ ತೆಗೆದುಕೊಂಡೆ. ಬೇರೆ ದಾರಿ ಇರಲಿಲ್ಲ. ಸಾಮಾನು ಮಾರುವ ಡ್ರೈವರ್ ಎಂದು ಒಮ್ಮೆ ಹೆಸರು ಬಿದ್ದರೆ ಎತ್ತಿನ ಗಾಡಿಯ ಹಗ್ಗವನ್ನೂ ಯಾರೂ ಕೈಗೆ ಕೊಡುವುದಿಲ್ಲ. ಕಮಲಾಕ್ಷ ಆ ಹೆಸರನ್ನು ಹಂಚುತ್ತಲೇ ಇದ್ದ. ನರಿಕೊಂಬಿನಲ್ಲಿ ಅಮ್ಮನ ಕಿವಿಗೂ ಬಿತ್ತು. ಹಬ್ಬಕ್ಕೆ ಹೋದಾಗ ಅಮ್ಮ ಏನೂ ಕೇಳಲಿಲ್ಲ, ಗಂಜಿ ಬಡಿಸಿ ಎದುರು ಕೂತು ನನ್ನ ಮುಖ ನೋಡುತ್ತಿದ್ದಳು. ಕೇಳಿದ್ದರೆ ಬೈದಾದರೂ ಉತ್ತರ ಹೇಳುತ್ತಿದ್ದೆ.

ಕಮಲಾಕ್ಷನಲ್ಲಿಗೆ ಕಾರು ಮತ್ತೆ ಹೋಗಲಿಲ್ಲ. ಹೊಸ ಗ್ಯಾರೇಜು ಹುಡುಕಲು ಪ್ರೇಮಕ್ಕ ಖುದ್ದು ಹೊರಟರು. ಹಿಂದಿನ ಸೀಟಿನಲ್ಲಿ ಕೂತು, ಗ್ಯಾರೇಜು ಸಿಕ್ಕಿದಲ್ಲಿ ಇಳಿದು, ನಮಸ್ಕಾರಕ್ಕೂ ಮೊದಲು ಕೇಳುತ್ತಿದ್ದ ಮಾತು ಒಂದೇ: "ಈ ಕಾರಿನ ಎಲ್ಲ ಸಾಮಾನಿಗೂ ನನ್ನ ಗುರುತು ಉಂಟು. ರಿಪೇರಿ ಆದ ಮೇಲೆ ನಾನು ಮುಟ್ಟಿ ನೋಡ್ತೇನೆ. ನಿಮಗೆ ಆಗಬಹುದಾ?"

ಮೂಡಬಿದ್ರೆಯಲ್ಲೇ ಒಬ್ಬ, "ಗುರುತಾ? ನಾವೇನು ಕಳ್ಳರಾ?" ಎಂದು ತೆರೆದ ಬಾನೆಟ್ಟನ್ನು ಧಡಾರನೆ ಮುಚ್ಚಿದ. ಬಂಟ್ವಾಳ ಪೇಟೆಯಲ್ಲಿ ಇನ್ನೊಬ್ಬ ಕುರ್ಚಿ ತರಿಸಿದ, ಸೋಡಾ ತರಿಸಿದ, "ಅಮ್ಮ, ನಿಮ್ಮ ಕಾರು ಅಂದರೆ ನಮ್ಮ ಮನೆಯ ಕಾರು, ನಾಲ್ಕು ದಿನ ಬಿಟ್ಟು ಹೋಗಿ" ಎಂದ. ಪ್ರೇಮಕ್ಕ ಸೋಡಾ ಪೂರ್ತಿ ಕುಡಿದು, "ನಿಮ್ಮ ಮನೆಯ ಕಾರು ಆಗುವುದೇ ಬೇಡ ಅಂತ ಬಂದದ್ದು" ಎಂದು ಎದ್ದರು.

ಉಮ್ಮರ್ ಬ್ಯಾರಿಯ ಗ್ಯಾರೇಜು ಬಂಟ್ವಾಳ ದಾಟಿ ಹೊಳೆಯ ಬದಿಯಲ್ಲಿತ್ತು. ಬೋರ್ಡಿಲ್ಲ, ಸೋಗೆಯ ಮಾಡು, ಕೂರಲು ಒಂದು ಬೆಂಚು. ಮನುಷ್ಯ ಮುಖ ಗಂಟಿಕ್ಕಿಕೊಂಡೇ ಹುಟ್ಟಿದವನ ಹಾಗಿದ್ದ. ಪ್ರೇಮಕ್ಕನ ಪ್ರಶ್ನೆ ಕೇಳಿ ಕಾರಿನಡಿಯಿಂದ ತಲೆ ಹೊರಗೆ ಹಾಕಿದ.

"ಗುರುತು ಇದ್ದರೆ ನನಗೇ ಒಳ್ಳೆಯದು ಅಕ್ಕ. ನಾಳೆ ಏನಾದ್ರೂ ಕಾಣೆಯಾದ್ರೆ ನನ್ನ ತಲೆಗೆ ಕಟ್ಲಿಕ್ಕೆ ಆಗುವುದಿಲ್ಲ. ಆದರೆ ಒಂದು ವಿಷಯ. ಕಾರಿನವರು ಬೆಂಚಿನಲ್ಲಿ ಕೂತಿರಬೇಕು. ಜನ ಇಲ್ಲದೆ ನಾನು ಬಾನೆಟ್ ತೆಗೆಯುವವನಲ್ಲ."

"ಎಷ್ಟು ಹೊತ್ತು ಕೂರಬೇಕು ಬ್ಯಾರಿಗಳೇ?"

"ನನ್ನ ಕೆಲಸ ಮುಗಿಯುವವರೆಗೆ. ಅರ್ಜೆಂಟಿದ್ದರೆ ಬೇರೆ ಕಡೆ ಹೋಗಿ."

ಪ್ರೇಮಕ್ಕ ಬೆಂಚಿನಲ್ಲಿ ಕೂತರು. ಉಮ್ಮರ್ ಅಡಿಕೆಯ ಹಾಳೆಯೊಂದನ್ನು ಅವರ ಕಾಲಬುಡದಲ್ಲಿ ಹಾಸಿ, ಬಿಚ್ಚಿದ ಒಂದೊಂದನ್ನೂ ಅದರ ಮೇಲೆ ಇಡುತ್ತ ಬಂದ. ಹಳೆಯದ್ದು ಬದಲಾಯಿಸಿದರೆ ಹಳೆಯದ್ದನ್ನು ಅದೇ ಹಾಳೆಯಲ್ಲಿ ಕಟ್ಟಿ ಮನೆಗೆ ಕೊಡುತ್ತಿದ್ದ. ಬೆಂಚಿನಲ್ಲಿ ಕೂರಲು ಪುರುಸೊತ್ತಿಲ್ಲದ ದೊಡ್ಡ ಜನ ಯಾರೂ ಅಲ್ಲಿಗೆ ಬರುತ್ತಿರಲಿಲ್ಲ, ಹಾಗಾಗಿ ಗ್ಯಾರೇಜು ಯಾವಾಗಲೂ ಅರ್ಧ ಖಾಲಿ. ಕೆಲಸವೂ ಮಹಾ ನಿಧಾನ. ನಾಳೆ ಎಂದರೆ ನಾಡಿದ್ದು. ನನಗೂ ಅವನಿಗೂ ಅದಕ್ಕೆ ಎಷ್ಟು ಸಲ ಜಗಳವಾಗಿದೆಯೋ! ಆದರೆ ಅವನು ಮುಟ್ಟಿದ ಕಾರು ದಾರಿಯಲ್ಲಿ ನಿಂತದ್ದಿಲ್ಲ. ಆ ದಿನ ಸಾಮಾನು ತಿರುಗಿ ಹಾಕುವಾಗ ಅವನೇ ಹೇಳಿದ, "ಡೈನಮೊಕ್ಕೆ ಮಾತ್ರ ನಿಮ್ಮ ಚುಕ್ಕಿ ಇಲ್ಲ ಅಕ್ಕ."

"ಗೊತ್ತುಂಟು" ಎಂದರು ಪ್ರೇಮಕ್ಕ. "ಚುಕ್ಕಿ ಇರುವ ಡೈನಮೊ ಎಲ್ಲಾದರೂ ಕಂಡರೆ ಹೇಳಿ."

ದೀಪಾವಳಿ ಕಳೆದ ಮೇಲೆ ಉಮ್ಮರ್ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿಕಳಿಸಿದ: ಅಕ್ಕ ಒಮ್ಮೆ ಬರಬೇಕು. ಹೋದೆವು. ಬೆಂಚಿನಲ್ಲಿ ಕೊಕ್ಕಡದ ಮಹೇಶ್ವರ ಭಟ್ಟರು ಕೂತಿದ್ದರು. ಅಡಿಕೆ ತೋಟದವರು. ಅವರದ್ದೂ ನಮ್ಮದೇ ಜಾತಿಯ ಆಸ್ಟಿನ್. ಕಾಲಬುಡದ ಹಾಳೆಯ ಮೇಲೆ ಒಂದು ಡೈನಮೊ ಇತ್ತು. ಪ್ರೇಮಕ್ಕ ಬಗ್ಗಿ, ಅದನ್ನು ಮಗುಚಿ ಹಾಕಿ, ಬೆರಳಿಟ್ಟರು.

"ಉಂಟು" ಎಂದರು.

ಭಟ್ಟರಿಗೆ ಮೈಯೆಲ್ಲ ಉರಿದುಹೋಯಿತು. "ಮಳೆಗಾಲ ಶುರುವಿನಲ್ಲಿ ಬೆಳ್ತಂಗಡಿಯ ಕಮಲಾಕ್ಷ ಹಾಕಿದ್ದು ಇದು! ಹೊಸತು, ಮದ್ರಾಸಿನಿಂದ ತರಿಸಿದ್ದು ಅಂತ ಹೇಳಿದ್ದಾನಲ್ಲ ಆ ಮನುಷ್ಯ! ತೆಗೆದುಕೊಂಡು ಹೋಗಿ ನೀವು. ಎಲ್ಲಿ ಬೇಕಾದರೂ ಬಂದು ಹೇಳ್ತೇನೆ ನಾನು."

ಆ ಮಾತು ಕಿವಿಗೆ ಬಿದ್ದಾಗ ನನಗೆ ಹೊಳೆಗೆ ಹಾರಿ ಈಜಬೇಕು ಅನ್ನಿಸಿತು. ಉಮ್ಮರನನ್ನು ಅಪ್ಪಿಕೊಂಡೆ. ಅವನು, "ಬಿಡು ಮಾರಾಯ, ಅಂಗಿಗೆ ಗ್ರೀಸು ಹತ್ತಿಸ್ತೀಯ" ಎಂದ, ಅವನ ಅಂಗಿಯಲ್ಲಿ ಗ್ರೀಸಿಲ್ಲದ ಜಾಗ ಇದ್ದ ಹಾಗೆ!

"ಈಗಲೇ ಬೆಳ್ತಂಗಡಿಗೆ ಹೋಗುವ ಪ್ರೇಮಕ್ಕ" ಎಂದೆ.

"ಬೇಡ."

"ಬೇಡವಾ? ನನ್ನ ಹೆಸರು..."

"ನಿನ್ನ ಹೆಸರನ್ನು ಅವನು ಒಳಗೆ ಕೂತು ತೆಗೆದದ್ದಾ? ಊರಿಡೀ ತೆಗೆದ. ಕೊಡುವಾಗಲೂ ಊರೆದುರೇ ಕೊಡಬೇಕು. ಅವನ ಅಕ್ಕನ ಮಗಳ ಮದುವೆ ಉಂಟು. ಪಾತ್ರೆ ನಮ್ಮದೇ."

ಮದುವೆ ಬೇಸಗೆಯಲ್ಲಿ. ಹಿಂದಿನ ದಿನ ಬೆಳಗ್ಗೆ ಪಾತ್ರೆಯ ಲಾರಿ ಮುಂದೆ, ನಮ್ಮ ಕಾರು ಹಿಂದೆ, ವೇಣೂರಿನ ದಾರಿಯಾಗಿ ಬೆಳ್ತಂಗಡಿಗೆ ಹೋದೆವು. ಅಂಗಳದಲ್ಲಿ ಚಪ್ಪರ ಎದ್ದಿತ್ತು. ನೆಂಟರು, ಅಡುಗೆಯವರು, ತರಕಾರಿ ಹೆಚ್ಚುವವರು, ಅಂಗಳ ತುಂಬ ಜನ. ಬೇರೆ ಗ್ಯಾರೇಜಿನವರು, ಬಾಡಿಗೆ ಕಾರಿನ ಡ್ರೈವರುಗಳು ಸಮೇತ ಬಂದಿದ್ದರು. ಕಮಲಾಕ್ಷ ಜರಿ ಶಾಲು ಹೊದ್ದು ಮೆಟ್ಟಿಲಿಳಿದು ಬಂದ. ನನ್ನನ್ನು ಕಂಡು ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಕ್ಕ.

ಲೆಕ್ಕ ಕೊಡುವ ಕೆಲಸವನ್ನು ಪ್ರೇಮಕ್ಕ ಅದುವರೆಗೆ ಯಾರಿಗೂ ಬಿಟ್ಟವರಲ್ಲ. ಆ ದಿನ ಚಪ್ಪರದ ಕಂಬದ ಹತ್ತಿರ ಕುರ್ಚಿ ಹಾಕಿಸಿ ಕೂತು, "ಅಣ್ಣು, ನೀನು ಕೊಡು" ಎಂದರು. ಗಟ್ಟಿಯಾಗಿಯೇ ಹೇಳಿದರು. ಡ್ರೈವರುಗಳೆಲ್ಲ ತಿರುಗಿ ನೋಡಿದರು.

ನಾನು ಒಂದೊಂದೇ ಕವುಚಿ ಹಾಕಿದೆ.

"ಕೊಪ್ಪರಿಗೆ."

ಕಮಲಾಕ್ಷ ಬೆರಳು ಮುಟ್ಟಿಸಿದ. "ಉಂಟು."

"ಹಂಡೆ."

"ಉಂಟು."

ತಪ್ಪಲೆ, ಪರಾತ, ಸೌಟು, ಎಲ್ಲ ಆಯಿತು. ಅವನು ಶಾಲು ಸರಿಮಾಡಿಕೊಂಡು ಹೊರಡುವಾಗ ನಾನು ಕಾರಿನ ಡಿಕ್ಕಿಯಿಂದ ಹಾಳೆಯ ಕಟ್ಟು ತಂದು, ಬಿಚ್ಚಿ, ಅವನ ಕಾಲಬುಡದಲ್ಲಿಟ್ಟೆ.

"ಡೈನಮೊ" ಎಂದೆ.

ಚಪ್ಪರದಲ್ಲಿ ತರಕಾರಿ ಹೆಚ್ಚುವ ಸದ್ದು ನಿಂತಿತು. ಕಮಲಾಕ್ಷ ಒಂದು ಹೆಜ್ಜೆ ಹಿಂದೆ ಸರಿದ. "ಇದೆಂತ ತಮಾಷೆ ಪ್ರೇಮಕ್ಕ?"

"ಇದೂ ನಮ್ಮ ಸಾಮಾನೇ. ಕೊಕ್ಕಡದ ಭಟ್ಟರ ಕಾರಿನಲ್ಲಿ ಸಿಕ್ಕಿತು, ನೀನು ಹಾಕಿದ್ದು ಅಂತ ಅವರೇ ಹೇಳಿದ್ರು. ನಮ್ಮ ಅಣ್ಣು ಮಾರಿದ್ದಾಗಿದ್ದರೆ ನಿನ್ನ ಗ್ಯಾರೇಜಿಗೆ ಹೇಗೆ ಬಂತು? ಅದೆಲ್ಲ ಇರಲಿ. ಗುರುತು ಉಂಟಾ ಇಲ್ಲವಾ, ಅಷ್ಟೇ ಹೇಳು. ಹೇಳದೆ ನನ್ನ ಪಾತ್ರೆ ಒಲೆಗೆ ಏರುವುದಿಲ್ಲ, ನಿನಗೆ ಗೊತ್ತುಂಟು."

ಅವನು ಸುತ್ತ ನೋಡಿದ. ಅವನ ಅಕ್ಕ, ಮದುಮಗಳ ತಾಯಿ, ಬಾಗಿಲಲ್ಲಿ ನಿಂತಿದ್ದರು. "ಹೇಳಿಬಿಡು ಕಮಲಾಕ್ಷ" ಎಂದರು ಅವರು, ಅಳು ಬರುವ ಸ್ವರದಲ್ಲಿ. ಅವನು ಬಗ್ಗಿದ. ಬೆರಳು ಮುಟ್ಟಿಸಿದ.

"ಉಂಟು."

"ಕೇಳಲಿಲ್ಲ" ಎಂದರು ಪ್ರೇಮಕ್ಕ.

"ಉಂಟು!"

"ಅಣ್ಣು, ಅದನ್ನು ಕಾರಿನಲ್ಲಿಡು. ಅದು ಬಾಡಿಗೆಗೆ ಕೊಡುವ ಸಾಮಾನಲ್ಲ" ಎಂದು ಎದ್ದು, ಒಳಗೆ ಹೋಗಿ ಮದುಮಗಳ ತಲೆ ಸವರಿ, ತಾವೇ ನಿಂತು ಅಕ್ಕಿ ಅಳೆಸಿದರು. ಹುಡುಗಿ ಏನು ತಪ್ಪು ಮಾಡಿದ್ದಾಳೆ? ಮದುವೆ ಚೆನ್ನಾಗಿಯೇ ಆಯಿತು. ಡ್ರೈವರುಗಳು ಒಬ್ಬೊಬ್ಬರೇ ಬಂದು ನನಗೆ ಬೀಡಿ ಕೊಟ್ಟರು. ನಾನು ಸೇದುವವನಲ್ಲ, ಆದರೂ ಆ ದಿನ ಎಲ್ಲವನ್ನೂ ತೆಗೆದುಕೊಂಡೆ. ವಾಪಸು ಬರುವಾಗ ಪ್ರೇಮಕ್ಕ ಗುರುವಾಯನಕೆರೆಯಲ್ಲಿ ಬಲಕ್ಕೆ ಮೂಡಬಿದ್ರೆಗೆ ತಿರುಗಲು ಬಿಡದೆ, "ನರಿಕೊಂಬಿಗೆ ಬಿಡು. ನಿನ್ನ ಅಮ್ಮನ ಹತ್ತಿರ ಒಂದು ಮಾತಾಡಲಿಕ್ಕೆ ಉಂಟು" ಎಂದರು. ಏನು ಮಾತಾಡಿದರೋ ನನಗೆ ತಿಳಿಯದು, ನನ್ನನ್ನು ಒಳಗೆ ಬಿಡಲಿಲ್ಲ. ಹೊರಗೆ ಬಂದಾಗ ಅಮ್ಮ ಅವರ ಕೈ ಹಿಡಿದುಕೊಂಡಿದ್ದಳು.

ಅಂದಿನಿಂದ ಪಾತ್ರೆಯ ಲೆಕ್ಕ ನನ್ನದೇ ಆಯಿತು. ಉಮ್ಮರನ ಬೆಂಚಿನಲ್ಲಿ ಕೂರಲು ಬೇರೆಯವರೂ ಕಲಿತರು. ಕಮಲಾಕ್ಷ ಗ್ಯಾರೇಜಿನ ಜಾಗದಲ್ಲಿ ಜವಳಿ ಅಂಗಡಿ ಹಾಕಿದ, ಬಿಳಿ ಅಂಗಿಗೆ ಅದೇ ಸರಿ. ಅರವತ್ತನಾಲ್ಕರಲ್ಲಿ ಆಸ್ಟಿನ್ ಕೊಟ್ಟು ಹೊಸ ಅಂಬಾಸಿಡರ್ ತಂದೆವು. ಕಾರು ಅಂಗಳಕ್ಕೆ ಬಂದು, ಪೂಜೆಯಾಗಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ಮೇಲೆ ನಾನು ಕೇಳಿದೆ, "ಚಿನ್ನಯ್ಯನಿಗೆ ಹೇಳಿಕಳಿಸುವುದಾ ಪ್ರೇಮಕ್ಕ? ಗುರುತು ಹಾಕಿಸಬೇಕಲ್ಲ?"

ಅವರು ಹೊಸ ಬಾನೆಟ್ಟಿನ ಮೇಲೆ ಬಿದ್ದಿದ್ದ ಹೂವನ್ನು ಎತ್ತಿ ಕಿವಿಗೆ ಸಿಕ್ಕಿಸಿಕೊಂಡು, ಎಂದಿನ ಬಿರುಸಿನಲ್ಲಿಯೇ ಬೈದರು.

"ಹುಚ್ಚಾ ನಿನಗೆ? ಹೊಸ ಕಾರಿಗೆ ಚಾಣ ಹಾಕಿಸುವುದಾ? ಬಿಚ್ಚುವುದು ಉಮ್ಮರ್ ಬ್ಯಾರಿ. ಬಿಡುವುದು ನೀನು. ಇನ್ನು ಗುರುತು ಯಾರಿಗೆ?"

ನಾನು ಕಾರಿನ ಹಿಂದೆ ಹೋಗಿ, ಒರೆಸಿ ಆಗಿದ್ದ ಗಾಜನ್ನೇ ಇನ್ನೊಮ್ಮೆ ಒರೆಸಿದೆ. ಕಣ್ಣು ತುಂಬಿದ್ದನ್ನು ಅವರು ನೋಡಬಾರದಿತ್ತು. ನೋಡಿದರು ಅಂತ ಕಾಣುತ್ತದೆ. "ಗಾಜು ಸವೆದುಹೋಗ್ತದೆ, ಬಾ, ಕಾರು ಹತ್ತು" ಎಂದರು.